ಮೋಲಿ ಪಿಂಟೋ ಅವರ ಇಪ್ಪತ್ತೇಳನೆಯ ಚೌಕ

ಸುಬಾಂಗ್ ಜಯಾದ ಹದಿನೈದು ಮಹಡಿಗಳ ಕಟ್ಟಡವೊಂದರ ಹನ್ನೊಂದನೆಯ ಮಹಡಿಯಲ್ಲಿ ಮೋಲಿ ಪಿಂಟೋ ಅವರ ಮನೆಯಿದೆ. ಆ ಮನೆಯ ಬೀರುವಿನಲ್ಲಿ, ಮದುವೆಯ ಕೆಂಪು ಸಾಡೊ ಸೀರೆಯ ಕೆಳಗಿನ ಅರೆಯಲ್ಲಿ, ನಾನೂರಕ್ಕೂ ಹೆಚ್ಚು ಬೇಸ್‌ಬಾಲ್ ಪಂದ್ಯಗಳು ಮಲಗಿವೆ. ಪಂದ್ಯಕ್ಕೊಂದು ಹಾಳೆ, ಹಾಳೆಯ ತುಂಬ ಚೌಕಗಳು, ಚೌಕಗಳೊಳಗೆ ಪೆನ್ಸಿಲ್ಲಿನ ಸಣ್ಣ ಗುರುತುಗಳು. ಇಷ್ಟನ್ನೂ ಬರೆದ ಮೋಲಿ ಅವರು ಒಮ್ಮೆಯೂ ಬ್ಯಾಟು ಹಿಡಿದವರಲ್ಲ, ಅಮೆರಿಕವನ್ನು ಕಂಡವರೂ ಅಲ್ಲ. ಅವರಿಗೆ ಬರುತ್ತಿದ್ದ ವಿದ್ಯೆ ಒಂದೇ: ನಡೆಯುತ್ತಿರುವುದನ್ನು ಅದು ನಡೆಯುತ್ತಿರುವಾಗಲೇ ಬರೆದಿಡುವುದು.

ಆ ವಿದ್ಯೆಯನ್ನು ಅವರು ಕಲಿತದ್ದು ಮಂಗಳೂರಿನ ಹಂಪನಕಟ್ಟೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಶಾರ್ಟ್‌ಹ್ಯಾಂಡ್ ತರಗತಿಯಲ್ಲಿ. ಅಲ್ಲಿನ ಮೇಷ್ಟ್ರು ಕೈಗಡಿಯಾರ ನೋಡುತ್ತ ನಿಮಿಷಕ್ಕೆ ನೂರಿಪ್ಪತ್ತು ಪದಗಳನ್ನು ಓದುತ್ತಿದ್ದರು. ಒಂದು ಪದ ತಪ್ಪಿತೆಂದು ತಲೆಯೆತ್ತಿದವರಿಗೆ ಅವರದು ಒಂದೇ ಉತ್ತರ: "ಡಿಕ್ಟೇಶನ್ ಹಿಂದಕ್ಕೆ ಹೋಗೋದಿಲ್ಲ." ಮದುವೆಯಾಗಿ, ರಬ್ಬರ್ ಕೈಗವಸಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಪಯಸ್ ಪಿಂಟೋ ಅವರೊಂದಿಗೆ ಮಲೇಶಿಯಾಕ್ಕೆ ಬಂದ ಮೋಲಿ, ತೊಂಬತ್ತೆರಡರಲ್ಲಿ ಶಾ ಆಲಂನ ಜಪಾನಿ ಕಂಪನಿಯೊಂದರಲ್ಲಿ ಒಗಾವಾ ಎಂಬ ವ್ಯವಸ್ಥಾಪಕರಿಗೆ ಕಾರ್ಯದರ್ಶಿಯಾದರು.

ಆ ಕಂಪನಿಯ ಜಪಾನಿಯರು ಭಾನುವಾರ ಸಂಜೆ ಬೇಸ್‌ಬಾಲ್ ಆಡುತ್ತಿದ್ದರು. ಒಮ್ಮೆ ಅಂಕಪಟ್ಟಿ ಬರೆಯುವವರಿಗೆ ಜ್ವರ ಬಂತು. "ಪಿಂಟೋ-ಸಾನ್, ನಿಮ್ಮ ಕೈ ವೇಗ. ನೀವು ಬರೆಯಿರಿ" ಎಂದರು ಒಗಾವಾ. ಆಟದ ತಲೆಬುಡ ತಿಳಿಯದ ಮೋಲಿ, ಮೈದಾನದಲ್ಲಿ ಯಾರು ಏನು ಕೂಗಿದರೋ ಎಲ್ಲವನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ಮರುದಿನ ಹನ್ನೊಂದು ಪುಟ ಟೈಪು ಮಾಡಿ ಅವರ ಮೇಜಿನ ಮೇಲಿಟ್ಟರು. ಯಾರು ಗೆದ್ದರೆಂಬುದೊಂದು ಬಿಟ್ಟು ಉಳಿದೆಲ್ಲವೂ ಅದರಲ್ಲಿತ್ತು. ಲೆಕ್ಕವಿಭಾಗದ ಮುಖ್ಯಸ್ಥರು ಅಂಪೈರನಿಗೆ ಹೇಳಿದ ಮಾತುಗಳೂ ಇದ್ದವು. ಒಗಾವಾ ಓದುತ್ತ ಓದುತ್ತ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಒಂದು ಖಾಲಿ ಹಾಳೆ ತೆಗೆದು ಕಲಿಸಲು ಕುಳಿತರು. ಮೈದಾನದಲ್ಲಿರುವ ಒಂಬತ್ತು ಜನರಿಗೂ ಒಂದೊಂದು ಸಂಖ್ಯೆ: ಚೆಂಡೆಸೆಯುವ ಪಿಚರ್ ಒಂದು, ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಬೇಸನ್ನು ಕಾಯುವವನು ಮೂರು, ಮೂರನೆಯ ಬೇಸಿನವನು ಐದು. ಚೆಂಡು ಯಾರಿಂದ ಯಾರಿಗೆ ಹೋಯಿತೋ ಆ ಸಂಖ್ಯೆಗಳನ್ನು ಬರೆದರೆ ಸಾಕು. ಪ್ರತಿ ಬ್ಯಾಟರಿಗೂ ಒಂದು ಚೌಕ; ಅವನು ಔಟಾದರೆ, ಅದು ಆ ಸರದಿಯ ಎಷ್ಟನೆಯ ಔಟೋ ಅದರಂತೆ ಚೌಕದ ನಡುವೆ ಒಂದು, ಎರಡು ಅಥವಾ ಮೂರು ಗೆರೆ. ಮೂರು ಔಟಿಗೆ ಒಂದು ಸರದಿ, ಅಂಥ ಒಂಬತ್ತು ಸರದಿಗೆ ಒಂದು ಪಂದ್ಯ. ಶಬ್ದವನ್ನು ಗೆರೆಯಾಗಿಸಲು ಕಲಿತಿದ್ದ ಕೈ, ಓಟವನ್ನು ಗೆರೆಯಾಗಿಸಲು ಎರಡು ವಾರ ತೆಗೆದುಕೊಂಡಿತು.

ಕಂಪನಿಯ ಪಂದ್ಯಗಳಿಂದ ಅವರು ವೃತ್ತಿಪರರ ಪಂದ್ಯಗಳಿಗೆ ದಾಟಿದ್ದು ಒಗಾವಾ ಅವರ ಮನೆಯ ಉಪಗ್ರಹ ಟಿವಿಯ ಮುಂದೆ. ಅಮೆರಿಕದ ಸಂಜೆ ಎಂದರೆ ಮಲೇಶಿಯಾದ ಮುಂಜಾವು. ಹಾಗಾಗಿ ಮೋಲಿ ಅವರ ಬೇಸ್‌ಬಾಲಿಗೆ ಎಂದಿಗೂ ಬೆಳಗಿನ ಕಾಫಿಯ ವಾಸನೆ. ೨೦೦೪ರ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಜಪಾನಿನ ಇಚಿರೋ ಒಂದೇ ವರ್ಷದಲ್ಲಿ ಇನ್ನೂರೈವತ್ತೆಂಟನೆಯ ಹಿಟ್ ಬಾರಿಸಿ ಎಂಬತ್ತನಾಲ್ಕು ವರ್ಷಗಳ ದಾಖಲೆಯೊಂದನ್ನು ಮುರಿದಾಗ, ಇಬ್ಬರೂ ಎರಡು ಹಾಳೆಗಳಲ್ಲಿ ಒಂದೇ ಗುರುತನ್ನು ಒಂದೇ ಕ್ಷಣಕ್ಕೆ ಹಾಕಿ, ತಲೆಯೆತ್ತಿ ಒಬ್ಬರಿಗೊಬ್ಬರು ಬಾಗಿ ನಮಸ್ಕರಿಸಿದ್ದರು. ೨೦೧೬ರಲ್ಲಿ ಶಿಕಾಗೋದ ಕಬ್ಸ್ ತಂಡ ನೂರೆಂಟು ವರ್ಷಗಳ ನಂತರ ಕಿರೀಟ ಗೆದ್ದ ಪಂದ್ಯವು ಗುರುವಾರದ ಕಚೇರಿ ವೇಳೆಯಲ್ಲಿ ಬಂದುಬಿಟ್ಟಿತು. ಮೋಲಿ ಅಂದು ಹೊಟ್ಟೆನೋವೆಂದು ವೈದ್ಯರ ಚೀಟಿ ತಂದರು. ಮರುದಿನ ಆ ಚೀಟಿಗೆ ಸಹಿ ಹಾಕುತ್ತ ಒಗಾವಾ ತಲೆಯೆತ್ತದೆ ಕೇಳಿದ್ದು ಇಷ್ಟೇ: "ಹತ್ತನೆಯ ಸರದಿಗೆ ಮುಂಚೆ ಮಳೆ ಬಂದು ಆಟ ನಿಂತಿತಲ್ಲ, ಎಷ್ಟು ನಿಮಿಷವೆಂದು ಬರೆದಿರಿ?"

"ಹದಿನೇಳು" ಎಂದರು ಹೊಟ್ಟೆನೋವಿನ ಮೋಲಿ.

"ನನ್ನಲ್ಲೂ ಹದಿನೇಳು" ಎಂದರು ಒಗಾವಾ. ಅವರೂ ಅಂದು ಕಚೇರಿಗೆ ಬಂದಿರಲಿಲ್ಲ.

ಇಷ್ಟೆಲ್ಲ ಇದ್ದೂ ಬೀರುವಿನಲ್ಲಿ ಒಂದು ಹಾಳೆಯ ಕೊರತೆಯಿತ್ತು: ಪರ್ಫೆಕ್ಟ್ ಗೇಮ್. ಒಬ್ಬನೇ ಪಿಚರ್ ಎದುರು ತಂಡದ ಒಂಬತ್ತು ಸರದಿಗಳಲ್ಲಿ ಇಪ್ಪತ್ತೇಳೂ ಔಟುಗಳನ್ನು ಗಳಿಸಿ, ಒಬ್ಬನೂ ಒಮ್ಮೆಯೂ ಮೊದಲ ಬೇಸನ್ನು ಮುಟ್ಟದಂತೆ ನೋಡಿಕೊಂಡ ಪಂದ್ಯಕ್ಕೆ ಆ ಹೆಸರು. ಅಮೆರಿಕದ ದೊಡ್ಡ ಲೀಗುಗಳ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯಗಳಲ್ಲಿ ಅಂಥದ್ದು ಆಗಿದ್ದುದು ಇಪ್ಪತ್ತಮೂರು ಬಾರಿ. ಒಗಾವಾ ಐವತ್ತು ವರ್ಷ ಬರೆದೂ ಅವರಿಗೆ ಅದು ದಕ್ಕಿರಲಿಲ್ಲ. ೨೦೧೮ರಲ್ಲಿ ನಿವೃತ್ತರಾಗಿ ನಗೋಯಾಗೆ ಹೊರಟ ದಿನ ಅವರಿಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಯಾರಿಗೆ ಮೊದಲು ಸಿಕ್ಕಿದರೂ ಆ ಹಾಳೆಯನ್ನು ಇನ್ನೊಬ್ಬರಿಗೆ ಕಳಿಸಬೇಕು. ಆಟ ನಡೆಯುತ್ತಿರುವಾಗಲೇ ಬರೆದಿರಬೇಕು; ಹಿಂದಕ್ಕೆ ತಿರುಗಿಸಿ ನೋಡಿ ಬರೆದದ್ದು ಬರಹವಲ್ಲ, ನಕಲು. ಹೀಗೆ ಹಂಪನಕಟ್ಟೆಯ ಮೇಷ್ಟ್ರ ಮಾತೇ ಅವರ ಕರಾರಾಯಿತು. ೨೦೨೨ರ ಏಪ್ರಿಲಿನಲ್ಲಿ ಜಪಾನಿನಲ್ಲೇ ಇಪ್ಪತ್ತೆಂಟು ವರ್ಷಗಳ ಬಳಿಕ ಇಪ್ಪತ್ತರ ತರುಣನೊಬ್ಬ ಅದನ್ನು ಸಾಧಿಸಿದಾಗ ಒಗಾವಾ ಕಣ್ಣಾಸ್ಪತ್ರೆಯಲ್ಲಿದ್ದರು. ಮೋಲಿ, ಅಂದು ಗರಿಗಳ ಭಾನುವಾರವಾದ್ದರಿಂದ, ಇಗರ್ಜಿಯ ಊಟದ ಉಸ್ತುವಾರಿಯಲ್ಲಿದ್ದರು. ಆಮೇಲೆ ಒಗಾವಾ ಅವರ ದೃಷ್ಟಿ ಇನ್ನಷ್ಟು ಮಂಜಾಯಿತು. "ನನ್ನ ಕಣ್ಣಿಗೆ ಈಗ ಚೆಂಡು ಸಿಗುವುದಿಲ್ಲ. ಇನ್ನು ನೀವೊಬ್ಬರೇ" ಎಂದು ಹೊಸ ವರ್ಷದ ಕಾರ್ಡಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು. ಮೋಲಿ ಆ ಕಾರ್ಡನ್ನು ಖಾಲಿ ಹಾಳೆಗಳ ಮೇಲೆಯೇ ಇಟ್ಟುಕೊಂಡಿದ್ದರು.

ಒಮ್ಮೆ ಕೈಗೆ ಸಿಕ್ಕಿ ಜಾರಿದ್ದೂ ಉಂಟು. ೨೦೧೦ರ ಜೂನಿನ ಒಂದು ಬೆಳಿಗ್ಗೆ, ಡೆಟ್ರಾಯಿಟಿನ ಮೈದಾನದಲ್ಲಿ ಅರ್ಮಾಂಡೊ ಗಲಾರಾಗಾ ಎಂಬ ಪಿಚರ್ ಇಪ್ಪತ್ತಾರು ಜನರನ್ನು ಸಾಲಾಗಿ ಔಟು ಮಾಡಿದ್ದ. ಇಂಥ ಪಂದ್ಯ ನಡೆಯುತ್ತಿರುವಾಗ ಯಾರೂ ಅದರ ಹೆಸರೆತ್ತಬಾರದೆಂಬುದು ಬೇಸ್‌ಬಾಲಿನ ಬಹು ಹಳೆಯ ಕಟ್ಟಳೆ; ಸ್ವಂತ ತಂಡದವರೂ ಪಿಚರನ ಪಕ್ಕದಲ್ಲಿ ಕೂರದೆ ದೂರ ಸರಿಯುತ್ತಾರೆ. ಪಯಸ್ ಅವರದು ಇಗರ್ಜಿಯ ಗಾಯನ ತಂಡದಲ್ಲಿ ಮೈಕು ಬೇಡದ ಗಂಟಲು. ಕಾರಿನ ಕೀಲಿ ಆಡಿಸುತ್ತ ಬಾಗಿಲಲ್ಲಿ ನಿಂತು ಅವರು, "ಇನ್ನೊಬ್ಬ ಔಟಾದ್ರೆ ಪರ್ಫೆಕ್ಟ್ ಅಲ್ವಾ ಮೋಲಿ?" ಎಂದರು. ಮರುಕ್ಷಣ ಚೆಂಡು ಮೊದಲ ಬೇಸಿನವನ ಕೈಗೆ, ಅಲ್ಲಿಂದ ಬೇಸಿಗೆ ಓಡಿಬಂದ ಪಿಚರನ ಕೈಗೆ. ಮೋಲಿ ಮೂರು-ಒಂದು ಎಂದು ಬರೆದೇಬಿಟ್ಟಿದ್ದರು. ಆದರೆ ಅಂಪೈರು ಎರಡೂ ಕೈ ಚಾಚಿ ಔಟಲ್ಲವೆಂದರು. ಅದು ತಪ್ಪೆಂದು ಲೋಕವೆಲ್ಲ ಕಂಡಿತು. ಅಂಕಪಟ್ಟಿ ಬರೆಯುವವರು ಮಾತ್ರ ತೀರ್ಪನ್ನೇ ಬರೆಯಬೇಕು. ಮೋಲಿ ರಬ್ಬರು ತೆಗೆದು ಉಜ್ಜಿದರು. ಅಂಪೈರು ಅದೇ ದಿನ ಪಿಚರನ ಕ್ಷಮೆ ಕೇಳಿದರು. ಮರುದಿನ ಪಿಚರ್ ಆಟಗಾರರ ಪಟ್ಟಿಯನ್ನು ತಾನೇ ಕೊಂಡೊಯ್ದು ಅವರ ಕೈಗಿತ್ತ. ಅಂಪೈರು ಮೈದಾನದಲ್ಲೇ ಕಣ್ಣೀರಿಟ್ಟರು. ಆ ವಿಷಯದಲ್ಲಿ ಹದಿಮೂರು ವರ್ಷ ಕ್ಷಮೆ ಸಿಗದೆ ಉಳಿದವರು ಪಯಸ್ ಒಬ್ಬರೇ.

ಆದ್ದರಿಂದಲೇ ೨೦೨೩ರ ಜೂನ್ ಇಪ್ಪತ್ತೊಂಬತ್ತರ ಗುರುವಾರ, ಹರಿರಾಯಾ ಹಾಜಿ ಎಂದು ಮಲೇಶಿಯಾದಲ್ಲಿ ಕರೆಯುವ ಬಕ್ರೀದಿನ ರಜೆಯ ದಿನ, ಪಯಸ್ ಅವರು ಆರನೆಯ ಸರದಿಯಿಂದಲೇ ಅಡುಗೆಮನೆಯಲ್ಲಿ ಬಂಧಿಯಾಗಿದ್ದರು.

ಪಂದ್ಯ ಓಕ್‌ಲ್ಯಾಂಡಿನಲ್ಲಿ ನಡೆಯುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ. ನ್ಯೂಯಾರ್ಕ್ ಯಾಂಕೀಸ್ ತಂಡದ ಪಿಚರ್ ಹಿಂದಿನ ಪಂದ್ಯದಲ್ಲಿ ಹತ್ತು ಓಟ ಬಿಟ್ಟುಕೊಟ್ಟು ಬಂದವನು. ಅವನಿಂದ ಇಂಥದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ, ಮೋಲಿಯೂ ಇಲ್ಲ. ಪೆನ್ಸಿಲು ಚೂಪು ಮಾಡದೆಯೇ ಕುಳಿತಿದ್ದರು. ಐದನೆಯ ಸರದಿಯಲ್ಲಿ ಮೊದಲ ಬೇಸಿನವನು ಮಗ್ಗುಲಿಗೆ ಹಾರಿ ಬಿದ್ದು ಚೆಂಡು ಹಿಡಿದು, ಓಡಿಬಂದ ಪಿಚರನಿಗೆ ಎಸೆದ. ಮೂರು-ಒಂದು. ಹದಿಮೂರು ವರ್ಷದ ಹಿಂದೆ ಉಜ್ಜಿ ಅಳಿಸಿದ ಅದೇ ಸಂಖ್ಯೆಗಳು. ಈ ಬಾರಿ ಅಂಪೈರು ಔಟೆಂದರು. ಮೋಲಿ ಎದ್ದು ಹೋಗಿ ಪೆನ್ಸಿಲು ಚೂಪು ಮಾಡಿಕೊಂಡು ಬಂದರು.

ಎಂಟನೆಯ ಸರದಿ ಮುಗಿದು ಇಪ್ಪತ್ತನಾಲ್ಕು ಚೌಕ ತುಂಬಿದಾಗ ಮನೆಯ ಕರೆಗಂಟೆ ಸದ್ದಾಯಿತು. ಎದುರುಮನೆಯ ರತ್ನ, ಮೈಸೂರಿನವರು, ಮೈಸೂರುಪಾಕಿನ ಡಬ್ಬಿ ಹಿಡಿದು ನಿಂತಿದ್ದರು. ಹದಿನಾಲ್ಕನೆಯ ಮಹಡಿಯ ಹಸ್ನಾ ಅವರ ಮನೆಯ ಹಬ್ಬದೂಟಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದೆಂದು ಮಾತಾಗಿತ್ತು. ಪಯಸ್ ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟು, ತಮ್ಮ ಮಟ್ಟಿಗೆ ಪಿಸುಮಾತಿನಲ್ಲಿ ಹೇಳಿದರು: "ಶ್! ಒಳಗೆ ಎಂತದೂ ಮಾತಾಡ್ಬೇಡಿ ಮಾರಾಯ್ತಿ. ಪರ್ಫೆಕ್ಟ್ ಗೇಮ್ ನಡೀತಾ ಉಂಟು!"

ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಅದು ಮೋಲಿಯ ಕಿವಿಗೆ ಸ್ಪಷ್ಟವಾಗಿ ತಲುಪಿತು.

"ಪಯಸ್!" ಎಂದರು ಮೋಲಿ. ಕಣ್ಣು ಪರದೆಯ ಮೇಲೇ ಇತ್ತು.

"ನಾನು ಹೇಳ್ಬೇಡಿ ಅಂತ ಹೇಳಿದ್ದು!"

"ಹೇಳ್ಬೇಡಿ ಅಂತ ಹೇಳ್ಲಿಕ್ಕೆ ಅದನ್ನೇ ಹೇಳ್ಬೇಕಾ?"

ರತ್ನ ಒಳಬಂದು ಇಬ್ಬರ ಮುಖವನ್ನೂ ನೋಡಿದರು. "ಏನಾಯ್ತು ಮೋಲಿಯಕ್ಕ? ಏನೋ ಒಳ್ಳೇದು ನಡೀತಿದೆ, ಅದನ್ನ ಬಾಯಿಬಿಟ್ಟು ಹೇಳ್ಬಾರ್ದು, ಇವ್ರು ಹೇಳ್ಬಿಟ್ರು. ಅಷ್ಟೇ ತಾನೆ?"

"ಅಷ್ಟೇ. ಇನ್ನು ಮೂರು ಚೌಕ ಉಂಟು ರತ್ನಾ. ಒಗಾವಾ-ಸಾನ್‌ಗೆ ಎಪ್ಪತ್ತೈದು ವಯಸ್ಸು."

"ದೃಷ್ಟಿ ತಾನೆ? ಮಗು ಗುಂಡುಗುಂಡಾಗಿದೆ ಅಂತ ಯಾರಾದ್ರೂ ಅಂದ್ರೆ ನಮ್ಮತ್ತೆ ಸುಮ್ನೆ ಕೂರ್ತಿದ್ರಾ? ಪಯಸಣ್ಣ, ಉಪ್ಪು ಎಲ್ಲಿದೆ? ಒಣಮೆಣಸಿನಕಾಯಿ?"

ಯಾಂಕೀಸ್ ತಂಡದ ಬ್ಯಾಟಿಂಗ್ ನಡೆಯುತ್ತಿದ್ದ ಆ ಬಿಡುವಿನಲ್ಲಿ, ಏಸುವಿನ ಪಟದ ಕೆಳಗೆ, ರತ್ನ ಹಿಡಿ ಉಪ್ಪು ಮತ್ತು ಏಳು ಬ್ಯಾಡಗಿ ಮೆಣಸಿನಕಾಯಿಗಳನ್ನು ಮೋಲಿಗೂ ಅವರ ಹಾಳೆಗೂ ಮೂರು ಸುತ್ತು ಇಳಿತೆಗೆದರು. ಟಿವಿಗೂ ತೆಗೆಯಹೊರಟಾಗ ಮೋಲಿ, "ಅಡ್ಡ ಬರ್ಬೇಡ, ಅಡ್ಡ ಬರ್ಬೇಡ" ಎಂದು ಕುತ್ತಿಗೆ ಉದ್ದ ಮಾಡಿದರು. "ಪಾದ್ರಿಗಳಿಗೆ ಗೊತ್ತಾದ್ರೆ ಎಂತ ಹೇಳುವುದು?" ಎಂದ ಪಯಸ್‌ಗೆ, "ನೀವು ಹೇಳದಿದ್ರೆ ಗೊತ್ತಾಗಲ್ಲ. ಅದೇ ಕಷ್ಟ" ಎಂದರು ರತ್ನ. ಆಮೇಲೆ ಎಲ್ಲವನ್ನೂ ಬಾಣಲೆಗೆ ಸುರಿದು ಒಲೆಯ ಮೇಲಿಟ್ಟರು. ಹೊಗೆ ಏಳತೊಡಗಿದಾಗ, ಪರರ ಮನೆಯಲ್ಲಿ ಘಾಟು ತುಂಬಿಸಬಾರದೆಂಬ ಸೌಜನ್ಯದಿಂದ, ಬಾಣಲೆಯನ್ನು ಎತ್ತಿಕೊಂಡು ಹೊರಗೆ ಲಿಫ್ಟಿನ ಮುಂದಿನ ಜಾಗಕ್ಕೆ ಹೋದರು. ಅಲ್ಲಿ ಛಾವಣಿಗೆ ಬಿಳಿಯ ಬಟ್ಟಲಿನಂಥದ್ದೊಂದು ಅಂಟಿಕೊಂಡಿತ್ತು. ಹೊಗೆಯ ವಾಸನೆ ಹಿಡಿಯುವುದೇ ಅದರ ಕೆಲಸವೆಂದು ಒಂಬತ್ತು ವರ್ಷ ಅದೇ ಮಹಡಿಯಲ್ಲಿದ್ದ ರತ್ನ ಗಮನಿಸಿರಲಿಲ್ಲ.

ಒಂಬತ್ತನೆಯ ಸರದಿಯ ಮೊದಲ ಬ್ಯಾಟರ್ ನೆಲಕ್ಕೆ ಹೊಡೆದ ಚೆಂಡನ್ನು, ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸಿಗೆ ಎಸೆದ. ಆರು-ಮೂರು. ಇಪ್ಪತ್ತೈದು. ಮೋಲಿ ಚೌಕದ ನಡುವೆ ಗೆರೆಯೆಳೆಯುತ್ತಿದ್ದಂತೆ ಕಟ್ಟಡದ ಬೆಂಕಿಗಂಟೆ ಕೂಗತೊಡಗಿತು.

"ಮೋಲಿ, ಏಳು! ಕೆಳಗೆ ಹೋಗ್ಬೇಕು!"

"ಇನ್ನು ಎರಡು."

"ನಿಜವಾದ ಬೆಂಕಿ ಇದ್ರೆ?"

ಮೋಲಿ ಎದ್ದರು. ಆ ಏಳುವಿಕೆಯಲ್ಲಿ ಹದಿಮೂರು ವರ್ಷದ ಸಿಟ್ಟಿಗಿಂತ ದೊಡ್ಡದೊಂದು ಶರಣಾಗತಿಯಿತ್ತು. ಹಾಳೆ ಸಿಕ್ಕಿಸಿದ ರಟ್ಟನ್ನು ಎದೆಗವಚಿಕೊಂಡು ಬಾಗಿಲತ್ತ ನಡೆದರು. ಅದನ್ನು ನೋಡಲಾರದೆ ಪಯಸ್ ಜೇಬಿನಿಂದ ಮೊಬೈಲು ಕಿತ್ತು, ಅದೇ ಪ್ರಸಾರ ತೆರೆದು, ಹೆಂಡತಿಯ ಮುಖದ ಮುಂದೆ ಹಿಡಿದರು. ಪರದೆಯ ಮೇಲೆ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಮೊದಲ ಬೇಸಿಗೆ ಎಸೆಯುತ್ತಿದ್ದ.

"ಇದು ಆಗ್ಲೇ ಆಯ್ತಲ್ಲ!" ಎಂದರು ಮೋಲಿ.

"ಮೊಬೈಲು ಟಿವಿಗಿಂತ ಒಂದು ನಿಮಿಷ ಹಿಂದೆ ಉಂಟು ಮೋಲಿ! ಏನೂ ತಪ್ಪಿಲ್ಲ! ನಡಿ, ನಡಿ!"

ಹೀಗೆ ಅರವತ್ತಾರು ವರ್ಷದ ಪಯಸ್ ಪಿಂಟೋ ಅವರು ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ಓಕ್‌ಲ್ಯಾಂಡನ್ನೂ ಹಿಡಿದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯತೊಡಗಿದರು. ಮೋಲಿ ಪರದೆಯಿಂದ ಕಣ್ಣು ಕೀಳದೆ, ಕಾಲಿನಿಂದ ಮೆಟ್ಟಿಲು ತಡವುತ್ತ ಹಿಂಬಾಲಿಸಿದರು. ಹತ್ತನೆಯ ಮಹಡಿಯ ತಿರುವಿನಲ್ಲಿ ಎರಡನೆಯ ಬ್ಯಾಟರ್ ಚೆಂಡನ್ನು ಎತ್ತರಕ್ಕೆ ಹೊಡೆದ. ನಡುಮೈದಾನದವನು ನಿಂತಲ್ಲಿಗೇ ಅದು ಇಳಿಯಿತು. ಎಂಟು. ಇಪ್ಪತ್ತಾರು. ಮೋಲಿ ಗೋಡೆಗೆ ರಟ್ಟನ್ನು ಒತ್ತಿ ಬರೆದರು. ಇನ್ನು ನಾಲ್ಕು ಮೆಟ್ಟಿಲು ಇಳಿದಾಗ ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತತೊಡಗಿತು.

"ಸಿಗ್ನಲ್ ಹೋಯ್ತು" ಎಂದರು ಪಯಸ್. ಅವರು ನಿಜವಾಗಿ ಪಿಸುಗುಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

ಮೋಲಿ ತಿರುಗಿ, ಮೊಬೈಲು ಹಿಡಿದ ಪಯಸ್ ಅವರನ್ನೂ ಎಳೆದುಕೊಂಡು, ಇಳಿಯುವವರನ್ನು ಸೀಳಿಕೊಂಡು ಮೇಲಕ್ಕೆ ಹತ್ತಿದರು. ತಿರುವಿನ ಕಿರಿದಾದ ಕಿಟಕಿಯ ಬಳಿ ಚಕ್ರ ನಿಂತು ಮೈದಾನ ಮರಳಿತು. ಮೂರನೆಯ ಬ್ಯಾಟರ್ ಬಂದು ನಿಂತಿದ್ದ. ಪಿಚರ್ ಇನ್ನೂ ಕೈಯೆತ್ತಿರಲಿಲ್ಲ. ಅಷ್ಟರಲ್ಲಿ ಹಬ್ಬದ ಹಸಿರು ರೇಷ್ಮೆ ತೊಟ್ಟ ಹಸ್ನಾ ಮನೆಮಂದಿಯೊಂದಿಗೆ ಮೇಲಿನಿಂದ ಬಂದರು. ಮೆಟ್ಟಿಲಿಗೆ ಅಡ್ಡವಾಗಿ ನಿಂತ ಈ ಇಬ್ಬರನ್ನು ಕಂಡು, ಯಾರಿಗೋ ಏನೋ ಆಗಿದೆಯೆಂದು ಹೆದರಿ ಅವರೂ ನಿಂತರು. ಅವರೆಲ್ಲರ ಹಿಂದಿನಿಂದ, ಬಾಣಲೆ ಹಿಡಿದೇ ಕೆಮ್ಮುತ್ತ ಓಡಿಬಂದವರು ರತ್ನ.

"ಬೆಂಕಿ ಇಲ್ಲ! ಬೆಂಕಿ ಇಲ್ಲ! ಅದು ನಾನೇ! ಮೋಲಿಯಕ್ಕ, ಕೇಳಿಲ್ಲಿ, ಎಂಥಾ ಘಾಟು ಅಂತೀರಾ! ದೃಷ್ಟಿ ಆಗಿದ್ರೆ ಘಾಟೇ ಬರಲ್ಲ. ಇಷ್ಟು ಬಂತು ಅಂದ್ರೆ ದೃಷ್ಟಿಯೇ ಆಗಿರ್ಲಿಲ್ಲ!"

"ಶ್!" ಎಂದರು ಪಯಸ್, ಮೋಲಿ, ಮತ್ತು ಏನೊಂದೂ ತಿಳಿಯದ ಹಸ್ನಾ ಕೂಡ.

ಪಿಚರ್ ಎಸೆದ. ಬ್ಯಾಟಿಗೆ ತಗುಲಿದ ಚೆಂಡು ಮೂರನೆಯ ಬೇಸಿನತ್ತ ನೆಲದ ಮೇಲೆ ಉರುಳಿತು. ಅಲ್ಲಿನವನು ಬಾಗಿ ಎತ್ತಿಕೊಂಡು ಇಡೀ ಮೈದಾನದ ಅಗಲಕ್ಕೆ ಎಸೆದ. ಮೋಲಿ ಈ ಬಾರಿ ಮೊದಲೇ ಬರೆಯಲಿಲ್ಲ. ಅಂಪೈರರ ಕೈ ನೋಡಿದರು. ಆ ಕೈ ಮುಷ್ಟಿಯಾಯಿತು. ಅನಂತರವೇ ಪೆನ್ಸಿಲು ಚಲಿಸಿತು: ಐದು, ಮೂರು, ನಡುವೆ ಮೂರು ಗೆರೆ.

ಮೆಟ್ಟಿಲುಗಳಲ್ಲಿ ಗಂಟೆ ಇನ್ನೂ ಕೂಗುತ್ತಿತ್ತು. ಅದನ್ನೂ ಮೀರಿ ಪಯಸ್ ಅವರ ಗಂಟಲು ಹದಿಮೂರು ವರ್ಷದ ಸೆರೆಯಿಂದ ಬಿಡುಗಡೆಯಾಯಿತು. "ಪರ್ಫೆಕ್ಟ್!" ಎಂದು ಅವರು ಕೂಗಿದ್ದು ನೆಲಮಹಡಿಯ ಕಾವಲುಗಾರರಿಗೂ ಕೇಳಿಸಿತಂತೆ. ಹಸ್ನಾ ಅವರ ಮನೆಯವರು ಯಾವುದಕ್ಕೆಂದು ತಿಳಿಯದೆಯೂ ಚಪ್ಪಾಳೆ ತಟ್ಟಿದರು. ಮೋಲಿ ಮೆಟ್ಟಿಲ ಮೇಲೆ ಕುಳಿತು ನಗತೊಡಗಿ, ನಿಲ್ಲಿಸಲಾಗದೆ ರತ್ನರ ತೋಳು ಹಿಡಿದುಕೊಂಡರು. ಕಾವಲುಗಾರರು ಮೇಲೆ ಬಂದಾಗ ರತ್ನ ಬಾಣಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಮೈಸೂರುಪಾಕು ಹಂಚುತ್ತಿದ್ದರು. ಆಡಳಿತ ಕಚೇರಿಗೆ ಕ್ಷಮಾಪಣೆಯ ಪತ್ರವನ್ನು ಅವರ ಪರವಾಗಿ ಟೈಪು ಮಾಡಿಕೊಟ್ಟವರು ಮೋಲಿ.

ಊಟದ ನಡುವೆ, ರೆಂಡಾಂಗ್ ಮಾಂಸವನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತ ಪಯಸ್ ಒಂದು ಸಂಶಯ ತೆಗೆದರು. "ಮೊಬೈಲು ಒಂದು ನಿಮಿಷ ತಡ ಅಲ್ವಾ? ಹಾಗಾದ್ರೆ ನಿನ್ನ ಕರಾರು?"

ಮೋಲಿ ಯೋಚಿಸಲಿಲ್ಲ. "ಮೇಷ್ಟ್ರ ಬಾಯಿಂದ ನಮ್ಮ ಬೆಂಚಿಗೆ ಶಬ್ದ ಬರ್ಲಿಕ್ಕೂ ಹೊತ್ತು ಹಿಡೀತಿತ್ತು. ನಾವು ಹಿಂದೆ ಹೋಗಿ ಕೇಳ್ಲಿಲ್ಲ, ಅಷ್ಟೇ."

ಮೂರು ಗಂಟೆಗೆ ಅವರು ನಗೋಯಾಗೆ ವೀಡಿಯೊ ಕರೆ ಮಾಡಿದರು. ಹಾಳೆ ಅಂಚೆಯಲ್ಲಿ ಬರಲು ಎರಡು ವಾರವಾದೀತು, ಬಂದರೂ ಆ ಸಣ್ಣ ಗುರುತುಗಳು ಕಾಣಲಾರವು ಎಂದರು ಒಗಾವಾ. ಆಮೇಲೆ ಎದ್ದು ಹೋಗಿ, ಗೋಡೆಯಿಂದ ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯೊಂದನ್ನು ಹರಿದು ತಂದು, ಅದರ ಬೆನ್ನಿನ ಮೇಲೆ ದಪ್ಪ ಕಪ್ಪು ಪೆನ್ನಿನಿಂದ ಅಂಗೈಯಗಲದ ಚೌಕಗಳನ್ನು ಎಳೆದರು.

"ಹೇಳಿ ಪಿಂಟೋ-ಸಾನ್. ನಾನು ಬರೆಯುತ್ತೇನೆ."

ಇಪ್ಪತ್ತಾರು ವರ್ಷ ಅವರು ಹೇಳಿದ್ದನ್ನು ಬರೆದುಕೊಂಡಿದ್ದ ಮೋಲಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದರು. ಮೊದಲ ಸರದಿ, ಎರಡನೆಯದು. ಐದನೆಯದರಲ್ಲಿ ಮೂರು-ಒಂದು ಬಂದಾಗ ಆ ಕಡೆಯಿಂದ "ಆಹ್" ಎಂಬ ಉದ್ಗಾರ. "ನಿಧಾನ, ನಿಧಾನ" ಎಂದರು ಒಗಾವಾ. ಅವರ ಬಾಯಿಂದ ಆ ಮಾತನ್ನು ಮೋಲಿ ಕೇಳಿದ್ದು ಅದೇ ಮೊದಲು. ಪಯಸ್ ಬಾಗಿಲಿಗೊರಗಿ ನಿಂತಿದ್ದರು, ತುಟಿಯ ಮೇಲೆ ತಮ್ಮದೇ ಬೆರಳಿಟ್ಟುಕೊಂಡು. ಇಪ್ಪತ್ತಾರು ಚೌಕ ತುಂಬಿತು. ಆಟ ಮುಗಿದು ಮೂರು ಗಂಟೆಯಾಗುತ್ತ ಬಂದಿತ್ತು. ಫಲಿತಾಂಶ ಲೋಕಕ್ಕೆಲ್ಲ ಗೊತ್ತಿತ್ತು, ಒಗಾವಾ ಅವರಿಗೂ ಬಹುಶಃ. ಆದರೂ ಮೋಲಿ ಬಾಯಿ ತೆರೆಯುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

"ಇನ್ನೂ ಹೇಳಬೇಡಿ."

ಅವರು ಕನ್ನಡಕ ಒರೆಸಿಕೊಂಡರು. ಪೆನ್ನಿನ ಮೊನೆಯನ್ನು ಬೆರಳಿಗೆ ಒತ್ತಿ ನೋಡಿದರು. ಬೆನ್ನು ನೇರ ಮಾಡಿ, ಖಾಲಿ ಚೌಕದ ಮೇಲೆ ಬಾಗಿ, ತಲೆಯಾಡಿಸಿದರು.

"ಐದು" ಎಂದರು ಮೋಲಿ. ಆ ಅಂಕೆ ಪೂರ್ತಿ ಮೂಡುವವರೆಗೆ ಕಾದರು.

"ಮೂರು."